ಕಾಲುವೆ ನಿಂತ ಮೇಲೂ ತುಂಬಿದ ಬುತ್ತಿ

ಕಾಲುವೆಗೆ ನೀರು ಬಂದದ್ದೇ ಬಂದದ್ದು, ನಮ್ಮ ಶಹಾಪುರ ಸೀಮೆಯ ಊರುಗಳಿಗೆ ಒಂದು ಗತ್ತು ಬಂತು. ಜೋಳದ ಹೊಲ ಭತ್ತದ ಗದ್ದೆಯಾಯಿತು. ಹಿತ್ತಲಲ್ಲಿ ಬದನೆ, ಹುಳಿ ಪುಂಡಿ ಸೊಪ್ಪು ಹಾಕುವುದು ಇಲ್ಲದವರ ಕೆಲಸ ಅನ್ನಿಸತೊಡಗಿತು. ಕಾಯಿಪಲ್ಯ ಏನಿದ್ದರೂ ಸಂತೆಯಿಂದಲೇ ಬರಬೇಕು. ಬರಲಿ, ಬೇಡ ಅಂದವರು ಯಾರು? ಆದರೆ ಬೇಸಿಗೆಯಲ್ಲಿ ಕಾಲುವೆ ಬಂದ್ ಆಯಿತೋ, ಸಂತೆಯಲ್ಲಿ ಉಳ್ಳಾಗಡ್ಡಿ, ಆಲೂಗಡ್ಡಿ ಬಿಟ್ಟರೆ ಬಾಡಿದ ನಾಲ್ಕು ಬದನೆಕಾಯಿ. ಅವನ್ನೂ ಮುಟ್ಟಿದರೆ ಕೈ ಸುಡುವ ರೇಟು.

ಸುಂದ್ರಮ್ಮನ ಮನೆಯೂ ಇದಕ್ಕೆ ಹೊರತಲ್ಲ. ಅವಳ ಬಚ್ಚಲ ನೀರು ಹಿತ್ತಲು ದಾಟಿ ಓಣಿಗೆ ಹರಿದು ಕೆಸರು ಮಾಡುತ್ತಿತ್ತು, ಓಣಿಯವರ ಬೈಗುಳ ತಿರುಗಿ ಅವಳ ಮನೆಗೆ ಹರಿಯುತ್ತಿತ್ತು. ಹಿತ್ತಲಲ್ಲಿ ಜಾಲಿ ಬೆಳೆದಿತ್ತು.

ಚಳಿಗಾಲದ ಒಂದು ದಿನ ಅವಳ ಗಂಡ ಯಂಕಣ್ಣ ಕೊಡೇಕಲ್‌ಗೆ ಹೋಗಿ ಬಂದ. ಮಗಳು ಮಲ್ಲಿಕಮ್ಮನನ್ನು ಕೊಟ್ಟ ಊರು ಅದು. ಚಪ್ಪಲಿ ಬಿಡುವ ಮುಂಚೆಯೇ ಸುದ್ದಿ ಹೇಳಿದ.

"ಮಲ್ಲಿ ಬಸರಾಗ್ಯಾಳ. ಎರಡು ತಿಂಗಳಂತ. ಆದ್ರ ಉಂಡಿದ್ದೊಂದೂ ನಿಲ್ಲವಲ್ದು, ಕಡ್ಡಿ ಆಗ್ಯಾಳ. ನಿನಗೊಂದು ಮಾತು ಹೇಳಿ ಕಳಿಸ್ಯಾಳ ನೋಡು. ಕುಬಸದ ಬುತ್ತ್ಯಾಗ ಅವ್ವನ ಕೈ ಪುಂಡಿಪಲ್ಯ ಬೇಕಂತ. ಬ್ಯಾರೆ ಏನ್ ತಂದ್ರೂ ಬಿಟ್ರೂ ನಡೀತದಂತ."

ಸುಂದ್ರಮ್ಮ ಹಿಗ್ಗಿ ಹೀರೇಕಾಯಿಯಾದಳು. ಆಮೇಲೆ ಬೆರಳು ಮಡಚಿ ಲೆಕ್ಕ ಹಾಕಿದಳು. ಏಳನೇ ತಿಂಗಳಿಗೆ ಕುಬಸದ ಸೀಮಂತ. ಎಂದರೆ ಬೇಸಿಗೆಯ ನಟ್ಟನಡುವೆ, ಕಾಲುವೆ ಒಣಗಿ ಬಿರಿದಿರುವ ಹೊತ್ತಿಗೆ. ಆಗ ಪುಂಡಿ ಎಲ್ಲಿಂದ ತರುವುದು? ತವರಿನ ಬುತ್ತಿಯೆಂದರೆ ಸಾಮಾನ್ಯವೇ? ನಾಲ್ಕಾರು ನಮೂನೆ ಪಲ್ಯ, ಚಟ್ನಿಪುಡಿಯಂಥ ಹಿಂಡಿ, ರೊಟ್ಟಿ ಕಟ್ಟಿಕೊಂಡು ಹೋಗಬೇಕು. ಅಲ್ಲಿ ಬೀಗತಿ ಪಾರ್ವತಿಬಾಯಿ ಓಣಿಯವರನ್ನೆಲ್ಲ ಕೂಡಿಸಿ ಬುತ್ತಿ ಬಿಚ್ಚುತ್ತಾಳೆ. ಅದಿರಲಿ, ಬಾಯಿಗೆ ತುತ್ತು ಸೇರದ ಮಗಳು ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು. ಅದನ್ನೂ ಕೊಡಲಾಗದಿದ್ದರೆ ತಾಯಿಯಾಗಿ ಏನು ಬಂತು?

ಪಕ್ಕದ ಮನೆಯ ಖಾಜಾಬೀ ಸ್ವಸಹಾಯ ಸಂಘದ ಮುಂದಾಳು. ಶಹಾಪುರದಲ್ಲಿ ಮೂರು ದಿನ ಕೈತೋಟದ ತರಬೇತಿ ಮುಗಿಸಿ ಬಂದವಳು. ಸುಂದ್ರಮ್ಮ ಅವಳ ಮುಂದೆ ಗೋಳು ತೋಡಿಕೊಂಡಳು.

ಖಾಜಾಬೀ ನಕ್ಕಳು. "ಅಲ್ಲ ಸುಂದ್ರಕ್ಕ, ಕಂಕುಳದಾಗ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದಂಗಾತು ನಿನ್ನ ಕಥಿ. ಹಿತ್ತಲ ಅದ, ಬಚ್ಚಲ ನೀರ ಅದ. ಇನ್ನೇನು ಬೇಕು?"

"ಬ್ಯಾಸಗ್ಯಾಗ ಕಾಲುವಿ ಬಂದ್ ಆಗ್ತದಲ್ಲ?"

"ಕಾಲುವಿ ಬಂದ್ ಆಗ್ತದ, ನಿನ್ನ ಬಚ್ಚಲ ಬಂದ್ ಆಗ್ತದೇನು? ದಿನಾ ಅಕ್ಕಿ ತೊಳಿಯಂಗಿಲ್ಲ? ಕಾಯಿಪಲ್ಯ ತೊಳಿಯಂಗಿಲ್ಲ? ಆ ನೀರು ಸೊಪ್ಪಿಗಿ, ಬದನಿಗಿ ಹಾಕು. ಸಾಬೂನಿನ ನೀರು ಮಾತ್ರ ಬ್ಯಾರೆ ಮಾಡಿ, ಒಂದು ಬಾಳಿಗಿಡ ಹಚ್ಚಿ ಅದರ ಬುಡಕ್ಕ ಬಿಡು. ಪುಂಡಿ, ಚವಳಿ ಈಗ ಹಾಕು. ಹೆಚ್ಚಿಗಿ ಬಂದದ್ದು ಒಣಗಿಸಿ ಇಟ್ಕೋ. ಬ್ಯಾಸಗಿಗಿ ರಾಣಿ ಹಂಗ ಇರ್ತಿ."

ಸುಂದ್ರಮ್ಮ ಅಂದೇ ಜಾಲಿ ಕಡಿದು ಪುಂಡಿ, ಚವಳಿ ಎಂಬ ಗೋರಿಕಾಯಿ, ಬದನೆ ಬೀಜ ಹಾಕಿದಳು. ಓಣಿಗೆ ಹರಿಯುವ ಸಾಬೂನಿನ ನೀರನ್ನು ಸಲಿಕೆಯಿಂದ ಹಿತ್ತಲ ಮೂಲೆಯಲ್ಲಿ ನೆಟ್ಟ ಬಾಳೆಗಿಡಕ್ಕೆ ತಿರುಗಿಸಿದಳು, ಅಕ್ಕಿ ತೊಳೆದ ನೀರನ್ನು ಸೊಪ್ಪಿಗೆ ಹಾಕಿದಳು. ಒಡೆದ ಕೊಡದಲ್ಲಿ ಕೊತ್ತಂಬರಿ, ತೂತುಬಿದ್ದ ಬುಟ್ಟಿಯಲ್ಲಿ ಮೆಂತ್ಯ. ಸಿಪ್ಪೆ, ಬೂದಿ, ಸಗಣಿ ಒಂದು ಗುಂಡಿಗೆ ಬಿದ್ದು ಗೊಬ್ಬರವಾಯಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಪುಂಡಿ ಮೊಣಕಾಲುದ್ದ ಎದ್ದಿತು, ಚವಳಿಕಾಯಿ ಗೊಂಚಲು ಗೊಂಚಲಾಗಿ ಜೋತುಬಿತ್ತು. ಓಣಿಯ ಕೆಸರೂ ಒಣಗಿತು. ಬೈಯುತ್ತಿದ್ದವರೇ ಈಗ "ಒಂದು ಹಿಡಿ ಕೊತ್ತಂಬರಿ ಕೊಡಬೇ" ಎಂದು ಬಂದು ನಿಲ್ಲುತ್ತಿದ್ದರು. ಉಂಡು, ಹಂಚಿ ಮಿಕ್ಕಿದ ಪುಂಡಿ ಎಮ್ಮೆಯ ಬಾಯಿಗೆ ಹೋಗುತ್ತಿತ್ತು.

"ಇನ್ನ ಒಣಗಿಸಬೇಕು" ಎಂದು ಸುಂದ್ರಮ್ಮ ಮೊರದ ತುಂಬ ಸೊಪ್ಪು ಹರವಿದ ದಿನ ಮಾತ್ರ ಮನೆಯಲ್ಲಿ ಗುಡುಗಿತು. ಗುಡುಗಿದವಳು ಅತ್ತೆ ಗೊಲ್ಲಾಳಮ್ಮ.

"ತಗೀ ಅದನ್ನ! ಬೆಳಿ, ಉಣ್ಣು, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಒಣಗಿಸಿ ಇಡೂದು ನಮ್ಮ ಮನಿಗಿ ಆಗಿ ಬರಂಗಿಲ್ಲ. ಮರ್ತಿಯೇನು?"

ಸುಂದ್ರಮ್ಮ ಮರೆತಿರಲಿಲ್ಲ. ಕಾಲುವೆ ಬಂದ ಮೊದಲ ವರ್ಷ ಅತ್ತೆ ಒಣಗಿಸಿಟ್ಟ ಚವಳಿಕಾಯಿ ಪಲ್ಯ ಉಂಡು ಮನೆಮಂದಿಗೆಲ್ಲ ವಾಂತಿ ಹತ್ತಿತ್ತು. ನಾಲ್ಕು ವರ್ಷದ ಮಲ್ಲಿಯಂತೂ ಕಣ್ಣು ಮೇಲೆ ಮಾಡಿದ್ದಳು. ಎತ್ತಿನ ಗಾಡಿ ಕಟ್ಟಿ ಶಹಾಪುರದ ದವಾಖಾನೆಗೆ ಒಯ್ದು ಉಳಿಸಿಕೊಂಡಿದ್ದರು. ಅಂದಿನಿಂದ ಹದಿನೈದು ವರ್ಷ, ಆ ಮನೆಯ ಮಾಳಿಗೆಯ ಮೇಲೆ ಒಂದು ಮೆಣಸಿನಕಾಯಿ ಸಹ ಒಣಗಿರಲಿಲ್ಲ. ನಮ್ಮಲ್ಲಿ ಹೀಗೆಯೇ ಅಲ್ಲವೇ? ಒಮ್ಮೆ ಏನಾದರೂ ಕೆಟ್ಟಿತೆಂದರೆ ಯಾಕೆ ಕೆಟ್ಟಿತೆಂದು ಯಾರೂ ಕೇಳುವುದಿಲ್ಲ. ಆಗಿ ಬರುವುದಿಲ್ಲ ಎಂದು ಮೊಮ್ಮಕ್ಕಳ ಕಾಲದವರೆಗೂ ಬೀಗ ಜಡಿದುಬಿಡುತ್ತೇವೆ.

"ಅವತ್ತು ಆ ಕೂಸು ನನ್ನ ತೊಡಿ ಮ್ಯಾಲ ಹೋಗಿಬಿಡ್ತಿತ್ತು" ಎಂದಳು ಗೊಲ್ಲಾಳಮ್ಮ. "ಈಗ ಬಸರಿ ಅದಾಳ. ಅದಾ ವಿಷ ಬುತ್ತಿ ಕಟ್ಟಿ ಒಯ್ತಿಯೇನ?"

ಮುದುಕಿಯದು ಹಟವಲ್ಲ, ಹೆದರಿಕೆ. ಅದು ಗೊತ್ತಿದ್ದರಿಂದಲೇ ಸುಂದ್ರಮ್ಮ ಎದುರಾಡಲಾರದೆ ಖಾಜಾಬೀಯನ್ನು ಕರೆತಂದಳು. ಖಾಜಾಬೀ ವಾದಕ್ಕೆ ಇಳಿಯಲಿಲ್ಲ. ಗೊಲ್ಲಾಳಮ್ಮನ ಪಕ್ಕದಲ್ಲಿ ಕೂತು ಎಲೆ ಅಡಿಕೆ ಮಡಚಿ ಕೊಟ್ಟಳು.

"ಆಯಿ, ನಿಮ್ಮತ್ತಿ ಕಾಲದಾಗ ಒಣಗಿಸ್ತಿದ್ರಿಲ್ಲ?"

"ಒಣಗಿಸಲಾರದೇನು? ವರ್ಷಾ ಒಣಗಿಸ್ತಿದ್ವಿ. ಮಡಕಿ ತುಂಬಾ."

"ಆವಾಗ ಯಾರಿಗ್ಯಾರ ವಾಂತಿ ಆಗಿತ್ತೇನು?"

"ಇಲ್ಲ."

"ಅಂದ್ರ ಮನಿಗಿ ಆಗಿ ಬರ್ತಿತ್ತು. ಆ ವರ್ಷ ಏನು ಬ್ಯಾರೆ ಮಾಡಿದ್ರಿ? ಮಡಕ್ಯಾಗ ಇಟ್ಟಿದ್ರೋ?"

ಗೊಲ್ಲಾಳಮ್ಮ ಎಲೆ ಅಗಿಯುವುದನ್ನು ನಿಲ್ಲಿಸಿದಳು. "ಮಡಕಿ ಎಲ್ಲಿಂದ? ಅದೇ ವರ್ಷ ಭತ್ತಕ್ಕ ಸರಕಾರಿ ಗೊಬ್ಬರ, ಯೂರಿಯಾ ತಂದಿದ್ವಿ. ಚೀಲ ಅಂದ್ರ ಚೀಲ! ಬೆಳ್ಳಗ, ಗಟ್ಟಿ. ಚೆಲ್ಲಾಕ ಮನಸ ಬರ್ಲಿಲ್ಲ. ಎರಡು ಸಲ ಒಗದು ಅದ್ರಾಗ ತುಂಬಿಟ್ಟೆ. ನಾಟಿ ಕೆಲಸದ ಗಡಿಬಿಡ್ಯಾಗ ಕಾಯಿ ಪೂರಾ ಒಣಗಿರ್ಲಿಲ್ಲ…"

ಸೊಸೆ ಅತ್ತೆಯ ಮುಖ ನೋಡಿದಳು, ಅತ್ತೆ ನೆಲ ನೋಡಿದಳು.

"ಅಲ್ಲೇ ನೋಡ್ರಿ ಆಯಿ" ಎಂದಳು ಖಾಜಾಬೀ ಮೆಲ್ಲಗೆ. "ಗೊಬ್ಬರದ ಚೀಲ ಎಷ್ಟ ಒಗದ್ರೂ ಊಟದ ಸಾಮಾನಿಗಿ ಬರಂಗಿಲ್ಲ. ಬೆಳಿಗಿ ಹೊಡಿಯೂ ಔಷಧಿ ಡಬ್ಬಿನೂ ಅಷ್ಟ, ಅದ್ರಾಗ ನೀರು ಸೈತ ತುಂಬಬಾರದು. ಮ್ಯಾಲ ಕಾಯಿ ಹಸಿ ಇತ್ತು, ಒಳಗ ಬೂಸ್ಟು ಹಿಡಿದಿರ್ತದ. ನಿಮ್ಮ ಮನಿತನದ ತಪ್ಪಲ್ಲ, ದೇವರ ಸಿಟ್ಟೂ ಅಲ್ಲ. ನಿಮಗ ಆವಾಗ ಹೇಳೋರು ಯಾರೂ ಇರ್ಲಿಲ್ಲ, ಅಷ್ಟ."

ಗೊಲ್ಲಾಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹದಿನೈದು ವರ್ಷ ಹೊತ್ತ ಭಾರ, ಇಳಿಯಲು ತುಸು ಹೊತ್ತು ಬೇಕಲ್ಲ! ಆಮೇಲೆ ತನ್ನ ಹಳೇ ಗತ್ತಿನಲ್ಲೇ ಹೇಳಿದಳು: "ಆತು, ಒಣಗಿಸ್ರಿ. ಆದ್ರ ಮೊದ್ಲ ನಾ ಒಬ್ಬಾಕಿ ಉಣ್ತೀನಿ. ಎಂಟು ದಿನ ನೋಡ್ರಿ. ನಾ ಉಳಿದ್ರ ಆಮ್ಯಾಗ ಮಲ್ಲಿಗಿ ಒಯ್ರಿ."

"ನಿಮಗೇನಾಗ್ತದ ಅತ್ತಿ, ಕಲ್ಲು ತಿಂದು ಕರಗಿಸೋರು" ಎಂದಳು ಸುಂದ್ರಮ್ಮ. ಮೂವರೂ ನಕ್ಕರು.

ಮರುದಿನದಿಂದ ಮಾಳಿಗೆ ತುಂಬ ಸಡಗರ. ಪುಂಡಿ ಎಲೆ ತೊಳೆದು, ನೀರು ಆರಿಸಿ, ಗೊಲ್ಲಾಳಮ್ಮನ ಹಳೇ ಸೀರೆ ಒಗೆದು ಅದರ ಮೇಲೆ ನೆರಳಲ್ಲಿ ಹರವಿದರು. ಧೂಳು, ನೊಣ ಕೂರದಂತೆ ಅದೇ ಸೀರೆಯ ಇನ್ನೊಂದು ತುಂಡು ಮೇಲೆ. ಚವಳಿಕಾಯಿಯನ್ನು ಉಪ್ಪು ನೀರಿನಲ್ಲಿ ಒಂದು ಕುದಿ ಕುದಿಸಿ ಬಿಸಿಲಿಗೆ ಹಾಕಿದರು. ಎಲೆ ಹಿಡಿದರೆ ಪುಡಿಯಾಗಬೇಕು, ಕಾಯಿ ಮುರಿದರೆ ಚಟ್ ಅನ್ನಬೇಕು, ಅಲ್ಲಿಯವರೆಗೆ ಬಿಡಲಿಲ್ಲ. ಒಣಗಿದ ಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಸೇರಿತು. ತಿಂಗಳಿಗೊಮ್ಮೆ ಬಿಸಿಲು ತೋರಿಸಿದರು.

ಗೊಲ್ಲಾಳಮ್ಮ ಹೇಳಿದಂತೆ ಎಂಟು ದಿನ ಉಂಡಳು. ಒಂಬತ್ತನೇ ದಿನ ತಾಟು ಮುಂದೆ ಚಾಚಿ, "ಇನ್ನೊಂದು ಸ್ವಲ್ಪ ಹಾಕು, ಖಾತ್ರಿ ಆಗಬೇಕಲ್ಲ" ಎಂದಳು.

ಬೇಸಿಗೆ ಬಂತು, ಕಾಲುವೆ ನಿಂತಿತು. ಸಂತೆಯಿಂದ ಜನ ಖಾಲಿ ಚೀಲ ಕೊಡವುತ್ತ ಬಂದರು. ಸುಂದ್ರಮ್ಮನ ಹಿತ್ತಲಲ್ಲಿ ಮಾತ್ರ ಅಕ್ಕಿ ತೊಳೆದ ನೀರು ಕುಡಿದು ಬದನೆಗಿಡ ಹಸಿರಾಗಿತ್ತು. ಕುಬಸದ ದಿನ ಮೊದಲ ಬಸ್ಸಿಗೇ ಅತ್ತೆ, ಸೊಸೆ, ಯಂಕಣ್ಣ ಬುಟ್ಟಿ ಹೊತ್ತು ಕೊಡೇಕಲ್‌ಗೆ ಹೊರಟರು.

ಪಾರ್ವತಿಬಾಯಿ ನೆರೆದ ಹೆಂಗಸರ ಮುಂದೆ ಬುತ್ತಿ ಬಿಚ್ಚಿದಳು. ಸಜ್ಜಿ ರೊಟ್ಟಿ, ಎಣ್ಣಿಗಾಯಿ ಬದನಿಕಾಯಿ, ಚವಳಿಕಾಯಿ ಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ. ಕೊನೆಗೆ ಬಟ್ಟಲು ತುಂಬ ಜೋಳದ ನುಚ್ಚು, ಬೆಳ್ಳುಳ್ಳಿ ಹಾಕಿ ಮಾಡಿದ ಪುಂಡಿಪಲ್ಯ. ಅದರ ಹುಳಿ ವಾಸನೆಗೆ ಕೋಣೆಯಲ್ಲಿದ್ದವರೆಲ್ಲ ಬಾಯಲ್ಲಿ ನೀರು ನುಂಗಿದರು.

"ಈ ಉರಿ ಬ್ಯಾಸಗ್ಯಾಗ ಪುಂಡಿ ಎಲ್ಲಿ ಸಿಕ್ತು ಬೀಗತಿ?" ಪಾರ್ವತಿಬಾಯಿಗೆ ನಂಬಿಕೆಯೇ ಬರಲಿಲ್ಲ.

ಸುಂದ್ರಮ್ಮನ ಕಣ್ಣೆಲ್ಲ ಮಗಳ ಮೇಲೆ. ಮಲ್ಲಿ ರೊಟ್ಟಿ ಮುರಿದು ಪಲ್ಯ ಹಚ್ಚಿ ಬಾಯಿಗಿಟ್ಟಳು. ಕಣ್ಣು ಮುಚ್ಚಿ ನುಂಗಿದಳು. ಇನ್ನೊಂದು ತುತ್ತು. ಒಂದು ರೊಟ್ಟಿ ಮುಗಿಯಿತು, ಎರಡನೆಯದೂ ಮುಗಿಯಿತು.

"ಇನ್ನೊಂದು ರೊಟ್ಟಿ ಹಾಕಬೇ ಅವ್ವ" ಎಂದಳು. ಸುಂದ್ರಮ್ಮನ ಎದೆ ತುಂಬಿ ಬಂತು. ಯಾವ ಬಂಗಾರದ ಒಡವೆಯೂ ಕೊಡದ ಸುಖವನ್ನು ಆ ಮಾತು ಕೊಟ್ಟಿತು.

ಅಷ್ಟರಲ್ಲಿ ಅತ್ತ ಗೊಲ್ಲಾಳಮ್ಮ ಪಾಠ ಸುರು ಮಾಡಿ ಆಗಿತ್ತು. ಕೊಡೇಕಲ್‌ನ ಹೆಂಗಸರು ಸುತ್ತ ಮುತ್ತಿದ್ದರು. "ನೆರಳಾಗ ಒಣಗಿಸ್ರಿ, ಪೂರಾ ಒಣಗಿಸ್ರಿ, ಬಿಗಿ ಡಬ್ಬ್ಯಾಗ ಇಡ್ರಿ. ಗೊಬ್ಬರದ ಚೀಲದಾಗ ಇಟ್ಟೀರಿ ಮತ್ತ, ನಾ ಬಂದು ಬಡಿತೀನಿ ನೋಡ್ರಿ! ಒಮ್ಮೆ ನಾನ ಇಟ್ಟಿದ್ದೆ. ಇಕಿನ್ನ ಕಳ್ಕೊಂತಿದ್ದೆ" ಎಂದು ಮಲ್ಲಿಯ ಕಡೆ ಕೈ ಮಾಡಿದಳು. ತನ್ನ ತಪ್ಪನ್ನು ತಾನೇ ಊರ ಮುಂದೆ ಹೇಳಿದ ಮುದುಕಿಯನ್ನು ನೋಡಿ ಸೊಸೆಗೆ ಹೆಮ್ಮೆಯೆನಿಸಿತು.

ಅಕ್ಕಂದಿರೇ, ಅಣ್ಣಂದಿರೇ, ಉಳಿತಾಯವೆಂದರೆ ಹೊಟ್ಟೆ ಕಟ್ಟುವುದಲ್ಲ, ಸಿಕ್ಕಿದ್ದರಲ್ಲಿ ಸಿಕ್ಕಿದ್ದು ತುಂಬಿಡುವುದೂ ಅಲ್ಲ. ಹರಿದು ಹೋಗುವ ನೀರಿಗೆ ಒಂದು ಗಿಡ ತೋರಿಸಿ. ಹೆಚ್ಚಾದ ಸೊಪ್ಪನ್ನು ನಾಳೆಗೆ ಒಣಗಿಸಿ. ಹಳೇ ಸೀರೆ, ಒಡೆದ ಕೊಡ ಎಸೆಯಬೇಡಿ. ಆದರೆ ಈಗಲೇ ಎದ್ದು ನಿಮ್ಮ ಅಡುಗೆಮನೆಯ ಮೂಲೆ ನೋಡಿ: ಗೊಬ್ಬರದ ಚೀಲದಲ್ಲಿ ಕಾಳು, ಬೆಳೆಗೆ ಹೊಡೆಯುವ ಔಷಧಿ ಡಬ್ಬಿಯಲ್ಲಿ ನೀರು ಇದೆಯೇ? ಇದ್ದರೆ ಇವತ್ತೇ ಹೊರಗೆ ಹಾಕಿ. ನಿಮ್ಮ ಮನೆಯ ಮಲ್ಲಿ ಹೊಟ್ಟೆ ತುಂಬ ಉಣ್ಣಲಿ.