ಭಾನು ನೋಡಿದ್ದ ಕೊರಿಯಾ ಚಿತ್ರಗಳು

“ಈಗ ಏನಂದ್ಳು ಅವ್ಳು?” ಚಿಕ್ಕಮುನಿಯಮ್ಮ ಎಲೆಗೆ ಸುಣ್ಣ ಸವರುತ್ತ ಕೇಳಿದಳು.

ಸುಮಂಗಲಾ ಟಿವಿಯ ತಳದಲ್ಲಿ ಮೂಡಿದ ಇಂಗ್ಲಿಷ್ ಸಾಲನ್ನು ಓದಿಕೊಂಡು, “ನಾಳಿ ಇದ ಹೊತ್ತಿಗೆ ಬಾ, ನಿನ್ನ ಛತ್ರಿ ವಾಪಸ್ ಕೊಡ್ತೀನಿ ಅಂದ್ಳ್ರಿ ಅಮ್ಮ,” ಎಂದಳು.

“ಕೈನಾಗೇ ಐತಲ್ಲ. ಈಗ್ಲೇ ಕೊಟ್ರೆ ಏನು ರೋಗ?”

“ಈಗ ಕೊಟ್ಬಿಟ್ರ ನಾಳಿ ಭೇಟಿ ಆಗಾಕ ನೆಪ ಬೇಕಲ್ರಿ?”

“ಓ, ಅಂಗೆ!” ಎಂದು ಚಿಕ್ಕಮುನಿಯಮ್ಮ ಎಲೆ ಮಡಚಿ ಬಾಯಿಗಿಟ್ಟಳು. “ಇವ್ರು ಛತ್ರಿ ಕೊಟ್ಟು ಈಸ್ಕೊಳೋ ಒತ್ಗೆ ನಮ್ಮೂರಾಗೆ ಎರಡು ಮಕ್ಕಳಾಗಿರ್ತವೆ.”

ಹೆಬ್ಬಗೋಡಿಯ ಆ ಮನೆಯಲ್ಲಿ ಎರಡು ವರ್ಷದಿಂದ ಭಾನುವಾರದ ಮಧ್ಯಾಹ್ನವೆಂದರೆ ಇಷ್ಟೇ. ಮುದ್ದೆ ಉಂಡು ಕಿಟಕಿಯ ಪರದೆ ಎಳೆದರೆ ಮನೆಯೊಡತಿ ಚಾಪೆಯ ಮೇಲೆ, ಮಹಡಿಯ ಬಾಡಿಗೆ ಕೋಣೆಯ ಹುಡುಗಿ ಸೋಫಾದ ಅಂಚಿನಲ್ಲಿ. ಚಿಕ್ಕಮುನಿಯಮ್ಮನಿಗೆ ಯಾವ ಭಾಷೆಯ ಅಕ್ಷರವೂ ಬಾರದು. ಸುಮಂಗಲಾ ಕುಷ್ಟಗಿ ಕಡೆಯವಳು, ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಯೊಂದರಲ್ಲಿ ದಿನವಿಡೀ ಭೂತಗನ್ನಡಿಯ ಕೆಳಗೆ ಹಸಿರು ಬೋರ್ಡುಗಳ ಬೆಸುಗೆ ನೋಡಿ, ಕೂದಲೆಳೆಯಷ್ಟು ಬಿರುಕಿದ್ದರೂ ಪಕ್ಕಕ್ಕೆ ತೆಗೆದಿಡುವುದು ಅವಳ ಕೆಲಸ. ಅವಳ ಬಾಯಲ್ಲಿ ಕೊರಿಯಾದವರೆಲ್ಲ ಕೊಪ್ಪಳ ಜಿಲ್ಲೆಯವರಾಗಿಬಿಡುತ್ತಿದ್ದರು. ಸೂಟು ತೊಟ್ಟ ಪೊಲೀಸ್ ಅಧಿಕಾರಿ ಕೊಲೆಗಾರನನ್ನು ಅಡ್ಡಗಟ್ಟಿ “ಎಲ್ಲಿಗೆ ಹೊಂಟೀಲೇ ಮಗನ” ಎನ್ನುತ್ತಿದ್ದ.

ಇಂದು ಕೊನೆಯ ಭಾನುವಾರ. ಕಂಪನಿಯವರು ಸುಮಂಗಲಾಳ ಲೈನನ್ನೇ ಎತ್ತಿ ನಗರದ ಇನ್ನೊಂದು ತುದಿಯ ಮಾದನಾಯಕನಹಳ್ಳಿಗೆ ಹಾಕಿದ್ದರು. ನಾಲ್ಕು ಗಂಟೆಗೆ ಟೆಂಪೊ ಬರಲಿತ್ತು. ಎರಡು ಬ್ಯಾಗು, ಒಂದು ಹಾಸಿಗೆ ಸುರುಳಿ ಆಗಲೇ ಗೇಟಿನ ಬಳಿ ಕಾಯುತ್ತಿದ್ದವು.

ಟಿವಿ ಚಿಕ್ಕಮುನಿಯಮ್ಮನ ಒಬ್ಬನೇ ಮಗ ಭಾನುಪ್ರಕಾಶ ತಂದದ್ದು. ಕಂಪನಿಯೊಂದರ ಕ್ಯಾಬುಗಳನ್ನು ಎಲ್ಲೆಲ್ಲಿಗೋ ಕಳಿಸುವ ಕೆಲಸ ಮುಗಿಸಿ ಬಂದವನು ಊಟದ ತಟ್ಟೆ ಹಿಡಿದು ಕೊರಿಯಾ ಚಿತ್ರ ಹಾಕಿಕೊಂಡು ಕೂತುಬಿಡುತ್ತಿದ್ದ. “ಅದ್ಯಾವ ಭಾಷೆನೋ! ಮನೇಲಿ ಯಾರೋ ಸತ್ತಂಗೆ ಅಳ್ತವೆ, ಆರ್ಸೋ,” ಎಂದು ತಾಯಿ ಅಡುಗೆಮನೆಯಿಂದಲೇ ಕೂಗುತ್ತಿದ್ದಳು. “ಒಂದ್ಸಲ ಬಂದು ಕೂತ್ಕೊಂಡು ನೋಡಮ್ಮ, ನಿಂಗೂ ಅಳು ಬರುತ್ತೆ,” ಎಂದು ಅವನು ನಗುತ್ತಿದ್ದ. ಅವಳು ಒಮ್ಮೆಯೂ ಕೂರಲಿಲ್ಲ. ಒಂದು ಬೆಳಿಗ್ಗೆ ಹೊಸೂರು ರಸ್ತೆಯಲ್ಲಿ ಅವನ ಬೈಕಿಗೆ ಲಾರಿ ಗುದ್ದಿತು.

ಮೂರು ತಿಂಗಳು ಟಿವಿ ಸತ್ತಂತೆ ಬಿದ್ದಿತ್ತು. ಆಮೇಲೊಂದು ದಿನ ಚಿಕ್ಕಮುನಿಯಮ್ಮ ಸುಮ್ಮನೆ ರಿಮೋಟು ಒತ್ತಿದಾಗ, ಅವನು ನೋಡಿದ್ದ ಚಿತ್ರಗಳೆಲ್ಲ ಪುಟ್ಟ ಪುಟ್ಟ ಪಟಗಳಾಗಿ ಸಾಲಾಗಿ ಬಂದು ನಿಂತವು. ಪ್ರತಿ ಪಟದ ಕೆಳಗೂ, ಎಲ್ಲಿಯವರೆಗೆ ನೋಡಿದ್ದೆಂದು ತೋರಿಸುವ ಒಂದು ಕೆಂಪು ಗೆರೆ. ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಸುಮಂಗಲಾಳನ್ನು ಕೂಗಿ ಕರೆದು, “ಅವ್ನು ಕೂತ್ಕೊ ಅಂದಾಗ ನಾ ಕೂರ್ಲಿಲ್ಲ. ಅವ್ನು ನೋಡಿದ್ದನ್ನೆಲ್ಲ ಈಗ ನಾನೂ ನೋಡ್ಬೇಕು. ಅದೇನು ಮಾತಾಡ್ತಾರೆ, ನೀ ಓದೇಳು,” ಎಂದಿದ್ದಳು.

ಸುಮಂಗಲಾ ಅದಕ್ಕೂ ಮೊದಲೇ ಕೊರಿಯಾ ಚಿತ್ರಗಳ ಹುಚ್ಚಿ. ಅವುಗಳ ನಾಡಿ ತನಗೆ ಗೊತ್ತೆಂಬ ಜಂಬವೂ ಇತ್ತು. ಪ್ರೇಮದ ಚಿತ್ರವಾದರೆ ಮೊದಲು ಮುಕ್ಕಾಲು ಗಂಟೆ ನಗು, ಛತ್ರಿ, ಹಿಮ. ಆಮೇಲೆ ಇಬ್ಬರಲ್ಲೊಬ್ಬರು ಸುಮ್ಮಸುಮ್ಮನೆ ತಲೆ ಹಿಡಿದುಕೊಂಡರೆ ಕಥೆ ಮುಗಿದಂತೆಯೇ. ಕೊಲೆಯ ಚಿತ್ರವಾದರೆ ಸವೆದ ಬೂಟಿನ ಪೊಲೀಸನೊಬ್ಬ ನಿದ್ದೆಗೆಟ್ಟು ಅಲೆಯುತ್ತಾನೆ. ಕೊಲೆಗಾರ ಸಿಕ್ಕರೂ ಅವನ ಮುಖದಲ್ಲಿ ಗೆಲುವು ಬರುವುದಿಲ್ಲ. “ನಮ್ಮ ಪಿಕ್ಚರಿನ್ಯಾಗ ಸತ್ತವರ ಸಲುವಾಗಿ ಸೇಡು ತೀರಿಸ್ಕೋತಾರ್ರಿ. ಇವರು ಸತ್ತವರ ಸಲುವಾಗಿ ಬರೇ ಕುಂದರ್ತಾರ. ಅದಕ್ಕ ನನಗ ಭಾಳ ಸೇರ್ತಾವು,” ಎಂದು ಕಾರ್ಖಾನೆಯಲ್ಲಿ ಜೊತೆಯವರಿಗೆ ಹೇಳುತ್ತಿದ್ದಳು. ಚಿಕ್ಕಮುನಿಯಮ್ಮನಿಗೆ ಮೆಚ್ಚುಗೆಯಾದದ್ದು ಬೇರೆಯೇ. “ಎಷ್ಟೇ ದುಃಖ ಬರ್ಲಿ, ಅಳ್ತಾ ಅಳ್ತಾನೇ ಅನ್ನ ತಿಂತಾರೆ ನೋಡು. ಒಟ್ಟೆ ಉಪವಾಸ ಆಕಲ್ಲ, ಜಾಣರು.”

ಆದರೆ ಹೆತ್ತ ಮಗನನ್ನು ಮಣ್ಣುಮಾಡಿ ಮೂರೇ ತಿಂಗಳಾದ ತಾಯಿಗೆ ಸಾವು ತೋರಿಸುವುದಾದರೂ ಹೇಗೆ? ಮೊದಲ ಚಿತ್ರದಲ್ಲೇ ಹುಡುಗ ಸಾಯುವ ಲಕ್ಷಣ ಕಂಡಾಗ ಸುಮಂಗಲಾ, ಇಬ್ಬರೂ ರೈಲು ನಿಲ್ದಾಣದಲ್ಲಿ ನಗುತ್ತ ನಿಂತಲ್ಲಿಗೆ ಟಿವಿ ನಿಲ್ಲಿಸಿ, “ಮುಗೀತ್ರಿ. ಇಬ್ರೂ ಲಗ್ನಾ ಮಾಡ್ಕೊಂಡ್ರು,” ಎಂದುಬಿಟ್ಟಳು. ಅಲ್ಲಿಂದ ಅದೇ ರೂಢಿಯಾಯಿತು. ಶನಿವಾರವೇ ಫೋನಿನಲ್ಲಿ ಚಿತ್ರವನ್ನು ಒಮ್ಮೆ ನೋಡಿ, ಎಲ್ಲಿ ನಿಲ್ಲಿಸಬೇಕೆಂದು ಗುರುತು ಹಾಕಿಕೊಳ್ಳುವಳು. ಭಾನುವಾರ ಸರಿಯಾಗಿ ಅಲ್ಲೇ ಹೆಬ್ಬೆರಳು ಒತ್ತುವಳು. ಕೆಲವು ಚಿತ್ರಗಳು ಎರಡು ಮೂರು ಭಾನುವಾರ ಎಳೆದವು, ಎಷ್ಟೋ ಭಾನುವಾರಗಳನ್ನು ಅವಳ ಕಾರ್ಖಾನೆಯ ಓವರ್‌ಟೈಮ್ ತಿಂದುಹಾಕಿತು. ಅಂತೂ ಇಲ್ಲಿಯವರೆಗೆ ಹನ್ನೊಂದು ಚಿತ್ರಗಳು. ಅವುಗಳಲ್ಲಿ ಪ್ರೀತಿಸಿದವರೆಲ್ಲ ಮದುವೆಯಾಗಿದ್ದರು, ಕಳೆದುಹೋದ ಹುಡುಗಿಯರೆಲ್ಲ ಮನೆ ಸೇರಿದ್ದರು.

ನಿನ್ನೆ ಮಾತ್ರ ಗಂಟುಮೂಟೆ ಕಟ್ಟುವುದರಲ್ಲಿ ಚಿತ್ರ ನೋಡಲು ಪುರಸೊತ್ತಾಗಲಿಲ್ಲ. ಛತ್ರಿಯ ಪ್ರೇಮಕಥೆ ತಾನೆ, ಹೇಗೋ ನಿಭಾಯಿಸಿದರಾಯಿತು ಎಂದುಕೊಂಡಿದ್ದಳು.

ಟಿವಿಯಲ್ಲಿ ಬಂದರಿನ ಟಿಕೆಟ್ ಹುಡುಗಿ ಛತ್ರಿ ಹಿಡಿದು ಕಾಯುತ್ತಿದ್ದಳು. ಮೀನುದೋಣಿಗಳ ಐಸ್‌ಪೆಟ್ಟಿಗೆ ರಿಪೇರಿ ಮಾಡುವ ಹುಡುಗ ಸಮುದ್ರಕ್ಕೆ ಹೋದವನು ಹಿಂದಿರುಗಲಿಲ್ಲ. ಗಾಳಿ ಎದ್ದಿತು. ಮರುಕ್ಷಣ ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ವಯಸ್ಸಾದ ಹೆಂಗಸೊಬ್ಬಳು ಓಡುತ್ತಿದ್ದಳು. ಒಂದು ಕಾಲಲ್ಲಿ ಚಪ್ಪಲಿಯಿಲ್ಲ. ಹುಡುಗನ ತಾಯಿ. ಸುಮಂಗಲಾಳ ಹೆಬ್ಬೆರಳು ತಾನಾಗಿಯೇ ಒತ್ತಿತು. ಓಡುತ್ತಿದ್ದವಳು ಅಲ್ಲೇ ನಿಂತಳು.

“ಮುಗೀತ್ರಿ ಅಮ್ಮ.”

“ಏನಾಯ್ತು ಉಡುಗ?”

“ಉಳ್ಕೊಂಡ್ರಿ. ದವಾಖಾನ್ಯಾಗ ಅದಾನ. ಮುಂದ ಇಬ್ರೂ ಲಗ್ನಾ ಮಾಡ್ಕೋತಾರ.”

ಚಿಕ್ಕಮುನಿಯಮ್ಮ ಮೊಣಕಾಲಿಗೆ ಕೈಯೂರಿ ಎದ್ದು ಟಿವಿಯ ಹತ್ತಿರ ಹೋಗಿ, ಸುಣ್ಣದ ಬೆರಳನ್ನು ಪರದೆಯ ತಳಕ್ಕಿಟ್ಟಳು.

“ಗೆರೆ ಮುಗ್ದಿಲ್ವಲ್ಲ ಮಗಾ. ಇನ್ನೂ ನಾಕು ಬೆರಳು ಐತೆ.”

ಸುಮಂಗಲಾ ರಿಮೋಟನ್ನು ಮಡಿಲಿಗಿಳಿಸಿದಳು.

“ನಂಗೆ ಅಕ್ಸರ ಬರಲ್ಲ. ಗೆರೆ ಕಾಣ್ಸುತ್ತೆ. ಸಾಲಾಗಿ ಬತ್ತವಲ್ಲ, ಅಲ್ಲಿಗೆ ಓಗು.”

ಸುಮಂಗಲಾ ಹಿಂದಕ್ಕೆ ಹೋಗುವ ಗುಂಡಿ ಒತ್ತಿದಳು. ಪುಟ್ಟ ಪಟಗಳ ಸಾಲು ಬಂತು.

“ಅವ್ನು ನೋಡಿದ್ದೆಲ್ಲ ಈ ಕೊನೆಯಿಂದ ಆ ಕೊನೆಗಂಟ ಕೆಂಪಗಿತ್ತು. ಒಂದನ್ನೂ ಅರ್ಧಕ್ಕೆ ಬುಟ್ಟಿರ್ಲಿಲ್ಲ. ನಾವು ನೋಡಿದ್ಮೇಲೆ ಯಂಗಾಗವೆ ನೋಡು.”

ಹನ್ನೊಂದು ಪಟಗಳ ಕೆಳಗೆ ಹನ್ನೊಂದು ಮೋಟು ಗೆರೆಗಳು. ಯಾವುದೂ ಅಂಚು ಮುಟ್ಟಿರಲಿಲ್ಲ. ಅವನು ಪೂರ್ತಿ ಎಳೆದು ಹೋಗಿದ್ದ ಗೆರೆಗಳನ್ನು ತಾನೇ ಒಂದೊಂದಾಗಿ ಅಳಿಸುತ್ತ ಬಂದಿದ್ದೇನೆಂದು ಸುಮಂಗಲಾಳಿಗೆ ಆಗ ಹೊಳೆಯಿತು. ಕೂದಲೆಳೆಯ ಬಿರುಕು ಹಿಡಿಯುವ ಕಣ್ಣಿಗೆ ಇದು ಎರಡು ವರ್ಷವಾದರೂ ಬಿದ್ದಿರಲಿಲ್ಲ.

“ಮೊದ್ಲ ಯಾಕ ಹೇಳ್ಲಿಲ್ರಿ ಅಮ್ಮ?”

“ಪ್ರೀತಿಯಿಂದ ಮಾಡ್ತಿದ್ದೆ, ಯಂಗೆ ಏಳ್ಲಿ? ಇವತ್ತು ಒಂಟೋಯ್ತೀಯ, ಅದುಕ್ಕೆ ಏಳ್ದೆ.”

“ನೀವು ತಡ್ಕೊಳ್ಳಂಗಿಲ್ಲ ಅಂತ ಹೇಳಿ ನಾನು…”

“ಅದೇ ಮಾತು!” ಚಿಕ್ಕಮುನಿಯಮ್ಮನ ದನಿ ಒಡೆಯಿತು. “ಅವತ್ತೂ ಎಲ್ರೂ ಅದೇ ಮಾತಂದ್ರು. ಆಂಬುಲೆನ್ಸು ಗೇಟ್ ತಾವ ನಿಂತಿತ್ತು. ಮೈಯೆಲ್ಲ ಬಟ್ಟೆ ಸುತ್ತಿದ್ರು. ಒಂದ್ಸಲ ಮಕ ತೋರ್ಸಿ ಅಂತ ಕಾಲಿಗೆ ಬಿದ್ದೆ. ನೀನು ತಡ್ಕಣಲ್ಲ ಅಂತ ನಾಕು ಜನ ಇಡ್ಕಂಡು ತಂದು ಇದೇ ಜಾಗದಾಗೆ ಕೂರ್ಸಿದ್ರು. ಅಂಗೇ ತೋಪಿಗೆ ತಕ್ಕಂಡೋಗಿ ಮಣ್ಣು ಮಾಡಿದ್ರು. ನಾನೆತ್ತ ಮಗನ ಕೊನೆ ನಾನು ನೋಡ್ಲಿಲ್ಲ ಕಣೇ.”

ಜಗಲಿಯಲ್ಲಿ ಪೇಪರು ಹಿಡಿದು ಕೂತಿದ್ದ ಗಂಡ ಮುನಿಯಣ್ಣ ಬಾಗಿಲಿಗೆ ಬಂದು ನಿಂತ. “ಯಾಕೀಗ ಆ ಮಾತು? ಆರ್ಸಮ್ಮ ಆ ಟಿವಿನ,” ಎಂದು ಸುಮಂಗಲಾಳಿಗೆ ಹೇಳಿದ.

“ನೀನು ಸುಮ್ಕಿರು,” ಎಂದಳು ಚಿಕ್ಕಮುನಿಯಮ್ಮ, ಅವನ ಕಡೆ ತಿರುಗದೆ ಮತ್ತೆ ಚಾಪೆಯ ಮೇಲೆ ಕೂರುತ್ತ. “ಅವತ್ತು ನಿನ್ನ ಮಾತು ಕೇಳ್ದೆ, ಸಾಕು. ಆಕು ಮಗಾ.”

ಮುನಿಯಣ್ಣ ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ಸುಮಂಗಲಾ ಗುಂಡಿ ಒತ್ತಿದಳು. ಟಿವಿಯಲ್ಲಿ ನಿಂತಿದ್ದ ತಾಯಿ ಮತ್ತೆ ಓಡತೊಡಗಿದಳು.

ಬಿಳಿ ಸೇವಂತಿಗೆ ಹೂಗಳ ನಡುವೆ ಹುಡುಗನ ಫೋಟೊ ಇಟ್ಟಿದ್ದರು. ಮೂಲೆಗೆ ಕಪ್ಪು ಪಟ್ಟಿ. ಬಂದವರು ಬಾಗಿ ನಮಸ್ಕರಿಸಿ, ಆಚೆ ಕೂತು ಬಿಸಿ ಸಾರು ಕುಡಿಯುತ್ತಿದ್ದರು. ಸುಮಂಗಲಾ ಒಂದು ಸಾಲನ್ನೂ ಬಿಡದೆ ಓದಿ ಹೇಳಿದಳು.

“ತಾಯಿ ಏನೋ ಕೇಳ್ತಾವ್ಳೆ.”

“ನನ್ನ ಮಗನ್ನ ಒಮ್ಮಿ ನೋಡ್ತೀನಿ ಅಂತಾಳ್ರಿ.”

“ಬುಡ್ತಾರಾ?”

ಸುಮಂಗಲಾ ಮುಂದಿನ ಸಾಲಿಗೆ ಕಾದಳು. “ಬರ್ರಿ ಅಂತ ಕರದ್ರಿ ಅಮ್ಮ.”

ಒಳಕೋಣೆಯಲ್ಲಿ ಉದ್ದನೆಯ ಮೇಜು. ಮಗನ ಮುಖವನ್ನು ಚಿತ್ರದವರು ತೋರಿಸಲಿಲ್ಲ, ಅವನನ್ನು ನೋಡುವ ತಾಯಿಯ ಮುಖವನ್ನಷ್ಟೇ ತೋರಿಸಿದರು. ಅವಳು ಒದ್ದೆ ಬಟ್ಟೆ ತೆಗೆದುಕೊಂಡು ನಿಧಾನವಾಗಿ ಒರೆಸಿದಳು, ಹಣೆ ಎಲ್ಲಿದೆಯೋ ಅಲ್ಲಿ, ಕೆನ್ನೆ ಎಲ್ಲಿದೆಯೋ ಅಲ್ಲಿ. ಪರದೆಯ ತಳ ಖಾಲಿಯಾಗಿತ್ತು.

“ಏನಂತಾವ್ಳೆ?”

“ಏನೂ ಅನ್ನವಲ್ಲಳ್ರಿ. ಬರೇ ನೋಡಾಕತ್ಯಾಳ.”

ಚಿಕ್ಕಮುನಿಯಮ್ಮ ಸೆರಗಿನ ತುದಿ ಹಿಡಿದಿದ್ದಳು. ಮಡಿಲಿನಲ್ಲಿ ಅವಳ ಬಲಗೈ ಆ ಸೆರಗಿನಿಂದ ಗಾಳಿಯನ್ನು ಒರೆಸುತ್ತಿತ್ತು, ಮೇಲಿನಿಂದ ಕೆಳಕ್ಕೆ, ಮತ್ತೆ ಮೇಲಿನಿಂದ ಕೆಳಕ್ಕೆ. ಕಣ್ಣೀರು ಗದ್ದಕ್ಕಿಳಿದು ತೊಟ್ಟಿಕ್ಕುತ್ತಿದ್ದರೂ ಅವಳು ಅದನ್ನು ಒರೆಸಿಕೊಳ್ಳಲಿಲ್ಲ. ಸುಮಂಗಲಾಳಿಗೆ ಅಳು ತಡೆಯಲಾಗಲಿಲ್ಲ. ಬಾಗಿಲಲ್ಲಿ ಮುನಿಯಣ್ಣ ಟವಲನ್ನು ಬಾಯಿಗೊತ್ತಿಕೊಂಡಿದ್ದ.

ಚಿತ್ರ ಮುಗಿದು ಹೆಸರುಗಳು ಮೇಲಕ್ಕೆ ಸರಿಯತೊಡಗಿದವು. ಹೊರಗೆ ಟೆಂಪೊ ಹಾರ್ನ್ ಮಾಡಿತು.

“ಇವೆಲ್ಲ ಯಾರ ಎಸ್ರು?”

“ಪಿಕ್ಚರ್ ಮಾಡಿದವ್ರವು.”

“ಸತ್ನಲ್ಲ, ಆ ಉಡುಗಂದೂ ಐತಾ? ಯಾವುದು?”

ಯಾವುದಾದರೊಂದನ್ನು ತೋರಿಸಿಬಿಡಬಹುದಿತ್ತು. ಹಳೆಯ ಸುಮಂಗಲಾ ಹಾಗೇ ಮಾಡುತ್ತಿದ್ದಳೇನೋ. “ಇರ್ತದ್ರಿ. ಆದ್ರ ಇವು ಅವ್ರ ಭಾಷಾದ ಅಕ್ಷರ. ನನಗೂ ಓದಾಕ ಬರಂಗಿಲ್ಲ,” ಎಂದಳು.

ಚಿಕ್ಕಮುನಿಯಮ್ಮ ತಲೆಯಾಡಿಸಿದಳು. ಇಬ್ಬರೂ ಓದಲು ಬಾರದ ಆ ಹೆಸರುಗಳನ್ನು ಕೊನೆಯವರೆಗೂ ನೋಡಿದರು. ಟೆಂಪೊದವನು ಮತ್ತೆರಡು ಸಲ ಹಾರ್ನ್ ಮಾಡಿದ. ಕೆಂಪು ಗೆರೆ ಬಲಗಡೆಯ ಅಂಚಿಗೆ ಹೋಗಿ ಮುಟ್ಟಿದ ಮೇಲೆಯೇ ಸುಮಂಗಲಾ ಎದ್ದದ್ದು.

ರಿಮೋಟನ್ನು ಚಿಕ್ಕಮುನಿಯಮ್ಮನ ಕೈಗಿಟ್ಟು, ಅವಳ ಹೆಬ್ಬೆರಳನ್ನು ನಡುವಿನ ಗುಂಡಿಯ ಮೇಲಿರಿಸಿದಳು. “ಇದನ್ನ ಒತ್ರಿ ಅಮ್ಮ. ನಾ ಎಲ್ಲಿ ನಿಲ್ಸೀನಿ, ಅಲ್ಲಿಂದ ಮುಂದಕ ಹೋಗ್ತದ. ಹನ್ನೊಂದೂ ಹಂಗ ಅದಾವು. ಆದ್ರ ಓದಿ ಹೇಳಾಕ ಯಾರದಾರ್ರಿ?”

“ಬುಡು. ಕೊನೆಲಿ ಯಾರೂ ಮಾತಾಡಲ್ಲ,” ಎಂದಳು ಚಿಕ್ಕಮುನಿಯಮ್ಮ. ಆಮೇಲೆ ಸುಮಂಗಲಾಳ ಕೆನ್ನೆಗಳನ್ನು ಎರಡೂ ಕೈಗಳಿಂದ ಹಿಡಿದು ಮುಖವನ್ನು ತುಂಬ ಹೊತ್ತು ನೋಡಿದಳು. “ಓಗ್ಬುಟ್ಟು ಬಾ ಮಗಾ.”

ಬ್ಯಾಗು, ಹಾಸಿಗೆ ಸುರುಳಿ ಹತ್ತಿಸಿ ಸುಮಂಗಲಾ ಡ್ರೈವರ್ ಪಕ್ಕ ಕೂತಳು. ಆ ಇಕ್ಕಟ್ಟಿನ ರಸ್ತೆಯಲ್ಲಿ ಟೆಂಪೊ ಹಿಂದೆ ಮುಂದೆ ಮಾಡಿ ತಿರುಗಿಕೊಳ್ಳುವಾಗ ತೆರೆದ ಬಾಗಿಲಿನಿಂದ ಒಳಗೆ ಕಾಣಿಸಿತು. ಟಿವಿಯಲ್ಲಿ ಮೊದಲ ಚಿತ್ರದ ಆ ರೈಲು ನಿಲ್ದಾಣವಿತ್ತು, ನಗುತ್ತ ನಿಂತಿದ್ದ ಇಬ್ಬರೂ ಈಗ ನಡೆಯತೊಡಗಿದ್ದರು. ಚಿಕ್ಕಮುನಿಯಮ್ಮ ಚಾಪೆಯ ಮೇಲೆ ಕೂತಿದ್ದಳು. ಅವಳ ಹಿಂದೆ, ಸೋಫಾದ ಅಂಚಿನಲ್ಲಿ, ಮುನಿಯಣ್ಣ ಬಂದು ಕೂತಿದ್ದ.