ಶೋಕೇಸಿನಲ್ಲಿದ್ದ ಪಿತ್ತದ ಕಲ್ಲು

ಸುವರ್ಣಾ ರೊಟ್ಟಿ ಬಡಿಯುತ್ತಿದ್ದಳು. ಅರ್ಧ ಬಡಿದ ರೊಟ್ಟಿಯನ್ನು ಅಲ್ಲೇ ಬಿಟ್ಟು, ಬಲಪಕ್ಕೆ ಹಿಡಿದು ಕುಸಿದಳು. ಅವಳೊಳಗೆ ನಾನು ಮೊದಲ ಸಲ ಹೊರಳಿದ್ದು ಆಗ.

ನಾನು ಒಂದು ಕಲ್ಲು. ಗುಡ್ಡದ್ದಲ್ಲ, ಹೊಳೆಯದ್ದಲ್ಲ. ಗದಗಿನ ಈ ಹೆಣ್ಣುಮಗಳ ಪಿತ್ತಕೋಶದಲ್ಲಿ ಪಿತ್ತ ಹೆಪ್ಪುಗಟ್ಟಿ ಹುಟ್ಟಿದೆ. ಡಾಕ್ಟರು ಆ ಕೋಶವನ್ನೇ ತೆಗೆದರು. ಅದು ಎಲ್ಲಿ ಹೋಯಿತೋ ತಿಳಿಯದು. ನನ್ನನ್ನು ಮಾತ್ರ ತೊಳೆದು, ಸಣ್ಣ ಬಾಟಲಿಗೆ ಹಾಕಿ ಅವಳ ಗಂಡ ಈರಪ್ಪನ ಕೈಗಿಟ್ಟರು.

ಈರಪ್ಪ ನನ್ನನ್ನು ಶೋಕೇಸಿನಲ್ಲಿ, ಮಗಳ ಮದುವೆಯ ಫೋಟೊ ಪಕ್ಕ ಇಟ್ಟ. ಬಂದವರಿಗೆಲ್ಲ ಅಲ್ಲಾಡಿಸಿ ತೋರಿಸುತ್ತಿದ್ದ. "ಅಡಕಿ ಅಷ್ಟ ಐತಿ ನೋಡ್ರಿ!"

ಆದರೆ ನನ್ನ ಮನೆಯಾಗಿದ್ದ ಆ ಕೋಶ ಹೋದ ಮೇಲೆ ಪಿತ್ತಕ್ಕೆ ನಿಲ್ಲಲು ಜಾಗವಿರಲಿಲ್ಲ. ಊಟಕ್ಕಾಗಿ ಕಾಯುತ್ತಿದ್ದದ್ದು ಈಗ ಹಗಲೂ ಇರುಳೂ ಅವಳ ಕರುಳಿಗೆ ತೊಟ್ಟಿಕ್ಕುತ್ತಿತ್ತು. ತುತ್ತು ಇಳಿಯುವುದೇ ತಡ, ಹೊಟ್ಟೆಯಲ್ಲಿ ಗುಡುಗು, ಶೌಚಕ್ಕೆ ಓಟ. ವರ್ಷಗಳು ಕಳೆದವು, ರವಿಕೆಯ ತೋಳು ಸಡಿಲಾಯಿತು. ಅವಳು ಹೇಳಿಕೊಂಡಾಗಲೆಲ್ಲ ಅತ್ತೆ ಗಂಗವ್ವ ನನ್ನ ಕಡೆ ಬೆರಳು ತೋರಿಸುತ್ತಿದ್ದಳು. "ಕಲ್ಲ ಅಲ್ಲಿ ಕುಂತೈತಿ. ಮತ್ತ ನಿನ್ನ ಹೊಟ್ಯಾಗ ಏನೈತಿ, ದೆವ್ವ?"

ಇರಬಹುದು. ಇಲ್ಲದ ಕೋಶದ ದೆವ್ವ. ಗಾಜಿನೊಳಗಿದ್ದ ನನಗೂ ಅದು ಕೆಲವೊಮ್ಮೆ ಬೆಚ್ಚಗೆ ತಾಗಿದಂತಾಗುತ್ತಿತ್ತು.

ಒಮ್ಮೆ ಬೀಗರ ಮನೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುವಾಗ ಅವಳು ಎಲೆ ಬಿಟ್ಟು ಎದ್ದು ಓಡಿದಳಂತೆ. ಬೀಗರು ಮುನಿದರು. ಈಗ ಮಗಳು ಬಸುರಿ. ಬೀಗರ ಮನೆಯಲ್ಲೇ ಕುಬುಸ, ಅಂದರೆ ಸೀಮಂತ, ಮಾಡಲು ದಿನ ಗೊತ್ತುಮಾಡಿದರು.

"ನೀ ಬರೂದು ಬ್ಯಾಡ," ಎಂದ ಈರಪ್ಪ, ಪೇಪರಿನಿಂದ ತಲೆ ಎತ್ತದೆ. "ಅವ್ವ ಬಂದು ಉಡಿ ತುಂಬತಾಳ."

"ಆಕಿ ನನ್ನ ಮಗಳ್ರೀ."

"ಹೊಟ್ಟೀನೂ ನಿಂದ. ಮೊದ್ಲ ಅದಕ್ಕ ಬುದ್ಧಿ ಹೇಳು."

ಗಂಗವ್ವ ನಕ್ಕಳು. ಸುವರ್ಣಾ ಒಳಗೆ ಹೋದಳು.

ಮರುದಿನ ಶೋಕೇಸು ಒರೆಸುತ್ತಿದ್ದವಳು ನನ್ನನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಟ್ರಂಕಿನ ತಳದಲ್ಲಿ, ಹಳೆಯ ಸೀರೆಗಳ ಕೆಳಗೆ ಇಟ್ಟಳು. ಅಲ್ಲಿದ್ದ ಆಸ್ಪತ್ರೆಯ ಸ್ಕ್ಯಾನ್ ಕವರನ್ನು ಎಳೆದು ಸೆರಗಿನ ಮರೆಗೆ ಹಿಡಿದಳು. ಮುಚ್ಚಳ ಬಿತ್ತು.

"ಎಲ್ಲಿಗೆ ಹೊಂಟಿ?" ಗಂಗವ್ವನ ದನಿ.

"ಕಾಯಿಪಲ್ಯ ತರಾಕ್ರೀ, ಅತ್ತಿ."

"ಚೀಲ ಇಲ್ಲೇ ಬಿಟ್ಟೀಯಲ್ಲ!"

ಹೊರಬಾಗಿಲಿನ ಚಿಲಕ ಸದ್ದಾಯಿತು.

ಈ ಟ್ರಂಕಿನ ಮೂಲೆಯಲ್ಲೇ ಇನ್ನು ನನ್ನ ಮುಪ್ಪು. ಅವಳು ಗುಣವಾಗಿದ್ದಾಳೆಂದು ಇಷ್ಟು ವರ್ಷ ನನ್ನಿಂದ ಸಾಕ್ಷಿ ಹೇಳಿಸಿದರು. ಅದು ನನಗೆ ಗೊತ್ತಿದ್ದ ವಿಷಯವಲ್ಲ. ಗೊತ್ತಿದ್ದವಳು ಈಗ ಆಸ್ಪತ್ರೆಯ ದಾರಿಯಲ್ಲಿದ್ದಾಳೆ.