ದೀಪದ ಹೊತ್ತಿನ ತಟ್ಟೆ

ಹಗಲೆಲ್ಲ ಹಸಿದಿರುವುದು ಸಫೂರಾಳಿಗೆ ಕಷ್ಟವೇ ಅಲ್ಲ. ಚಿಕ್ಕಂದಿನಿಂದ ರೋಜಾ ಹಿಡಿದು ಪಳಗಿದ ಹೊಟ್ಟೆ ಅದು, ಹೇಳಿದ ಮಾತು ಕೇಳುತ್ತದೆ. ಈ ಸಲದ ರಂಜಾನಿನಲ್ಲಿ ಕಷ್ಟವಾದದ್ದು ಸಂಜೆ ಉಣ್ಣುವುದು. ಬೀದಿಗೊಂದು ಹೋಟೆಲಿರುವ ತುಮಕೂರಿನ ಪಕ್ಕದಲ್ಲೇ ಕೂತು ಒಂದು ತಟ್ಟೆ ಊಟಕ್ಕೆ ಇಷ್ಟು ಪರದಾಡಬೇಕಾದೀತು ಎಂದು ಅವಳು ಎಣಿಸಿರಲಿಲ್ಲ.

ಅವಳು ಓದುತ್ತಿದ್ದ ಯೂನಿವರ್ಸಿಟಿಯ ಹೊಸ ಕ್ಯಾಂಪಸ್ಸು ಇದ್ದದ್ದು ಊರು ದಾಟಿ ಗುಬ್ಬಿ ಕಡೆಗೆ ಹೋಗುವ ದಾರಿಯಲ್ಲಿ. ಕಟ್ಟಡಗಳು ದೊಡ್ಡವು, ಜನ ಕಡಿಮೆ. ಸೆಮಿಸ್ಟರ್ ರಜೆ ಬಿತ್ತೆಂದರೆ ನವಿಲು ಕೂಗಿದ್ದು ಲೈಬ್ರರಿಯೊಳಗೂ ಕೇಳುತ್ತದೆ. ರಜೆಯೆಂದು ಹಾಸ್ಟೆಲ್ಲಿನ ಮೆಸ್ಸಿಗೆ ಬೀಗ ಬಿದ್ದಿತ್ತು. ರೂಮಿನಲ್ಲಿ ಒಲೆ ಹಚ್ಚುವಂತಿಲ್ಲ. ಗೇಟಿನ ಹತ್ತಿರದ ಟೀ ಅಂಗಡಿಯವನು ಬಿಸಿಲು ಇಳಿಯುವ ಮೊದಲೇ ಬಾಗಿಲು ಎಳೆದುಕೊಂಡು ಹೋಗುತ್ತಿದ್ದ. ಉಳಿದಿದ್ದ ನಾಲ್ಕಾರು ರಿಸರ್ಚ್ ಹುಡುಗಿಯರು ಮಧ್ಯಾಹ್ನ ಗಟ್ಟಿಯಾಗಿ ಉಂಡು, ರಾತ್ರಿಗೆ ಬ್ರೆಡ್ಡು ಬಾಳೆಹಣ್ಣಿನಲ್ಲಿ ಮುಗಿಸುತ್ತಿದ್ದರು. ಮಧ್ಯಾಹ್ನ ಉಣ್ಣದವಳು ಏನು ಮಾಡಬೇಕು ಎಂದು ಯಾರೂ ಯೋಚಿಸಿರಲಿಲ್ಲ. ಯೋಚಿಸುವ ಅಗತ್ಯ ಯಾರಿಗೂ ಬಂದಿರಲಿಲ್ಲ.

ಹಾಗಾದರೆ ಮನೆಗೆ ಹೋಗಬಹುದಿತ್ತಲ್ಲ ಎಂದರೆ, ಹೋಗುವಂತಿರಲಿಲ್ಲ. ಸಫೂರಾ ಕೊಬ್ಬರಿಗೆ ಹಿಡಿಯುವ ಬೂಷ್ಟಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಗುಬ್ಬಿಯ ಅಟ್ಟಗಳಿಂದ ಆರಿಸಿ ತಂದ ಕೊಬ್ಬರಿ ಚೂರುಗಳ ಮೇಲೆ ಬೂಷ್ಟು ಬೆಳೆಸಿ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಅಳೆಯಬೇಕು. ಒಂದು ಹೊತ್ತು ತಪ್ಪಿದರೆ ಎಲ್ಲ ಮೊದಲಿನಿಂದ. ಹೋದ ವರ್ಷ ಹಾಗೆ ಮೊದಲಿನಿಂದ ಶುರು ಮಾಡಿಯಾಗಿತ್ತು. ಈ ಸಲವೂ ಕೆಟ್ಟರೆ ಇನ್ನೊಂದು ವರ್ಷ ಹೋಗುತ್ತದೆ, ಆಮೇಲೆ ಸ್ಟೈಪೆಂಡೂ ಇರುವುದಿಲ್ಲ.

ಹುಲಿಯೂರುದುರ್ಗದಲ್ಲಿದ್ದ ಅವಳ ಅಮ್ಮಿಗೆ ಈ ಬೂಷ್ಟಿನ ಮಹಿಮೆ ತಿಳಿಯದು. ಉಪ್ಪಿನಕಾಯಿಗೆ ಬಂದರೆ ಎತ್ತಿ ಬಿಸಾಡುವ ವಸ್ತುವಿಗೆ ಮಗಳು ಹಗಲೂ ರಾತ್ರಿ ಕಾವಲು ಕೂತಿರುವುದನ್ನು ಆಕೆ ಇಂದಿಗೂ ನೆಂಟರ ಹತ್ತಿರ ಹೇಳಿಕೊಂಡಿಲ್ಲ. ಫೋನಿನಲ್ಲಿ ದಿನಾ ಒಂದೇ ಪ್ರಶ್ನೆ, ಇಫ್ತಾರಿಗೆ ಏನು ತಿಂದೆ ಅಂತ. ಉತ್ತರ ಮನಸ್ಸಿಗೆ ಒಪ್ಪದಿದ್ದರೆ ಒಂದೇ ಆಜ್ಞೆ: ಹಬ್ಬ ಮುಗಿಯುವ ತನಕ ಮನೆಗೆ ಬಾ, ಇಲ್ಲವೇ ಕುಣಿಗಲ್ಲಿನ ಅಕ್ಕನ ಮನೆಯಿಂದ ಓಡಾಡು. ಕುಣಿಗಲ್ಲಿಗೂ ಕ್ಯಾಂಪಸ್ಸಿಗೂ ಎರಡು ಬಸ್ಸು. ರೋಜಾ ಬಿಡುವ ಹೊತ್ತಿಗೆ ಅಕ್ಕನ ಮನೆ ಸೇರಬೇಕೆಂದರೆ ಸಂಜೆಯ ಅಳತೆಗೆ ಎಳ್ಳು ನೀರು ಬಿಡಬೇಕು.

ಮೊದಲ ದಿನ ಅವಳು ತುಮಕೂರಿಗೇ ಹೋದಳು. ಮಸೀದಿ ಬೀದಿಯಲ್ಲಿ ಸಮೋಸಾ, ಕಲ್ಲಂಗಡಿ, ಗಂಜಿ ಎಲ್ಲ ಸಾಲಾಗಿ ಕಾದಿದ್ದವು, ನಿಜ. ಆದರೆ ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಸೂರ್ಯ ಮುಳುಗಿದಾಗ ಅವಳಿನ್ನೂ ಕಂಬಿ ಹಿಡಿದು ನಿಂತೇ ಇದ್ದಳು. ಒಂದು ಖರ್ಜೂರ, ಎರಡು ಗುಟುಕು ನೀರು, ಅಷ್ಟರಲ್ಲಿ ರೋಜಾ ಮುಗಿಯಿತು. ತಿಂದು ವಾಪಸು ಬರುವಷ್ಟರಲ್ಲಿ ಹಾಸ್ಟೆಲ್ ಗೇಟಿಗೆ ಬೀಗ. ಏಳಕ್ಕೆ ಗೇಟು ಹಾಕಬೇಕೆಂಬುದು ವಾರ್ಡನ್ ಸ್ವರ್ಣಲತಾ ಮೇಡಮ್ಮನ ಕಟ್ಟಳೆ. ಆಕೆ ಕೆಟ್ಟವಳೇನಲ್ಲ, ಆದರೆ ಗೇಟಿನ ವಿಷಯದಲ್ಲಿ ತನ್ನ ತಂಗಿಯನ್ನೂ ನಂಬುವವಳಲ್ಲ. ಹಬ್ಬಕ್ಕೆ ಒಬ್ಬರಿಗೆ ಸಡಿಲ ಬಿಟ್ಟರೆ ಹರಟೆಗೆ ಹತ್ತು ಜನಕ್ಕೆ ಬಿಡಬೇಕಾಗುತ್ತದೆ ಎಂದು ಸಾವಧಾನವಾಗಿ ತಿಳಿಸಿ ಹೇಳಿದಳು. ಫೋನಿನಲ್ಲಿ ಊಟ ತರಿಸೋಣವೆಂದರೆ, ತರುವ ಹುಡುಗರು ಅಷ್ಟು ದೂರದ ಆರ್ಡರನ್ನು ಒಪ್ಪಿಕೊಂಡಂತೆ ಮಾಡಿ ಆಮೇಲೆ ಮೆಲ್ಲಗೆ ಜಾರಿಕೊಳ್ಳುತ್ತಿದ್ದರು.

ಆಗ ದಾರಿ ತೋರಿದವಳು ರೂಮ್‌ಮೇಟ್ ಇಂಪನಾ. ಗುಬ್ಬಿಯ ಹುಡುಗಿ, ಬಾಯಿ ಜೋರು, ಮನಸ್ಸು ಮೆತ್ತಗೆ. ರಸ್ತೆಯಾಚೆ ತೆಂಗಿನ ತೋಟದ ಬದಿಯಲ್ಲಿ ಬಸವಲಿಂಗಮ್ಮನ ಮನೆಯಿದೆ, ಮಧ್ಯಾಹ್ನ ತಾನು ಉಣ್ಣುವುದು ಅಲ್ಲೇ, ಕೇಳಿ ನೋಡೋಣ ಬಾ ಎಂದು ಎಳೆದುಕೊಂಡು ಹೋದಳು. ಬಸವಲಿಂಗಮ್ಮ, ಅವರ ಯಜಮಾನರು ಚನ್ನವೀರಯ್ಯ, ಇಬ್ಬರೇ ಇರುವ ಮನೆ. ಪಡಸಾಲೆಯಲ್ಲಿ ಎರಡು ಬೆಂಚು ಹಾಕಿ, ಮಧ್ಯಾಹ್ನ ಒಂದಷ್ಟು ಜನಕ್ಕೆ, ರಾತ್ರಿ ಒಂಟಿ ಮೇಷ್ಟ್ರುಗಳಿಗೆ ಊಟ ಹಾಕುತ್ತಿದ್ದರು. ಕೈ ಅಡಿಗೆ ಎಷ್ಟು ಚೆನ್ನೋ ನಿಯಮ ಅಷ್ಟೇ ಬಿಗಿ.

ಸಫೂರಾ ತನ್ನ ಪಾಡು ಹೇಳಿಕೊಂಡಳು. ಸೂರ್ಯ ಮುಳುಗುತ್ತಲೇ ಉಣ್ಣಬೇಕು, ಏಳರೊಳಗೆ ಗೇಟು ಸೇರಬೇಕು, ನಡುವೆ ಇರುವ ಸಂದಿನಲ್ಲಿ ಏನು ಹಾಕಿದರೂ ಸರಿ. ಬಸವಲಿಂಗಮ್ಮ ಪೂರ್ತಿ ಕೇಳಿಸಿಕೊಂಡು, ಬೇಸರದಿಂದಲೇ ಅಡ್ಡಡ್ಡ ತಲೆಯಾಡಿಸಿದರು.

“ಹೊತ್ತು ಮುಳುಗೋಕ್ ಮುಂಚೆ ಬಾ, ಹಾಕ್ತೀನಿ. ದೀಪ ಹಚ್ಚಿ ಪೂಜೆ ಆದ್ಮೇಲೆ ಬಾ, ಹಾಕ್ತೀನಿ. ದೀಪದ ಹೊತ್ತಲ್ಲಿ ಮಾತ್ರ ನಮ್ಮನೇಲಿ ಯಾರೂ ತಟ್ಟೆ ಮುಂದೆ ಕೂರಲ್ಲ ಕಣಮ್ಮ. ನಮ್ಮತ್ತೆ ಕಾಲದಿಂದ ಕೂತಿಲ್ಲ.”

ಮುಸ್ಸಂಜೆಯಲ್ಲಿ ಮುಂಬಾಗಿಲು ತೆರೆದಿರಬೇಕು, ಹಿಂಬಾಗಿಲು ಮುಚ್ಚಿರಬೇಕು, ಕಸ ಗುಡಿಸಬಾರದು, ತಲೆ ಬಾಚಬಾರದು, ಮಲಗಬಾರದು, ಉಣ್ಣಬಾರದು. ಸಫೂರಾಳಿಗೂ ಇದು ಹೊಸದಲ್ಲ. ಹುಲಿಯೂರುದುರ್ಗದ ಅವರ ಬೀದಿಯಲ್ಲಿ ಅರ್ಧ ಮನೆಗಳು ಹೀಗೆಯೇ. ಆದರೆ ಆ ಮನೆಗಳವರು ಉಣ್ಣದ ಗಳಿಗೆಯೂ ತನ್ನ ಮನೆಯವರು ಉಣ್ಣುವ ಗಳಿಗೆಯೂ ಒಂದೇ ಎಂಬುದು ಇಷ್ಟು ವರ್ಷ ಅವಳ ಲಕ್ಷ್ಯಕ್ಕೇ ಬಂದಿರಲಿಲ್ಲ. ಪೂಜೆ ಮುಗಿಸಿ ಬಸವಲಿಂಗಮ್ಮ ಒಲೆ ಹಚ್ಚುವುದು ಏಳರ ಮೇಲೆ. ಹಾಗಾಗಿ ಅಲ್ಲೂ ದಾರಿ ಮುಚ್ಚಿತು. ಸಿಟ್ಟು ಬರಲಿಲ್ಲ ಅವಳಿಗೆ. ತನಗೆ ಹೊತ್ತಿನ ಕಟ್ಟು ಇರುವಂತೆ ಅವರಿಗೂ ಇದೆ ಎಂದುಕೊಂಡಳು. ಆದರೆ ರೂಮಿಗೆ ಬಂದು ಸ್ವಲ್ಪ ಅತ್ತಳು, ಅದನ್ನು ಮುಚ್ಚಿಡುವುದೇಕೆ.

ಇಂಪನಾ ಮಧ್ಯಾಹ್ನದ ಊಟವನ್ನೇ ಡಬ್ಬಿಗೆ ಹಾಕಿಸಿಕೊಂಡು ಬಂದು ಇಡತೊಡಗಿದಳು. ಸಂಜೆಯ ಹೊತ್ತಿಗೆ ಮುದ್ದೆ ಕಲ್ಲಾಗಿರುತ್ತಿತ್ತು, ಸಾರು ತಣ್ಣಗೆ ಸುಮ್ಮನೆ ಕೂತಿರುತ್ತಿತ್ತು. ಸಫೂರಾ ಹಲ್ಲು ಕಚ್ಚಿ ನುಂಗಿದಳು. ಬಿಸಿಲು ಏರಿದಂತೆ ಅದೂ ಕೈಕೊಟ್ಟಿತು. ಒಂದು ಭಾನುವಾರ ಅನ್ನ ಹಳಸಿದ್ದು ಗೊತ್ತಾಗದೆ ತಿಂದು, ಸೋಮವಾರ ಬೆಳಿಗ್ಗೆ ವಾಂತಿ ಮಾಡಿಕೊಂಡು, ಗೋಡೆ ಹಿಡಿದೇ ಲ್ಯಾಬಿಗೆ ಹೋಗಿ ಹೇಗೋ ಅಳತೆ ತೆಗೆದಳು. ಆ ಸ್ಥಿತಿಯಲ್ಲೂ ರೋಜಾ ಬಿಡಲಿಲ್ಲ. ಅಮ್ಮಿ ಫೋನು ಮಾಡಿದಾಗ ದನಿಯಲ್ಲೇ ಎಲ್ಲ ತಿಳಿದುಬಿಟ್ಟಿತು. ನಾಳೆ ನಿನ್ನಪ್ಪ ಬಂದು ಕರೆದುಕೊಂಡು ಬರುತ್ತಾರೆ, ಬೂಷ್ಟು ಬೇಕಾದರೆ ನಮ್ಮ ಮನೆಯಲ್ಲೇ ಬೆಳೆಸಿಕೋ ಎಂದು ಹೇಳಿ, ಉತ್ತರಕ್ಕೂ ಕಾಯದೆ ಫೋನಿಟ್ಟರು. ಸಫೂರಾ ಬಟ್ಟೆಗಳನ್ನು ಚೀಲಕ್ಕೆ ತುಂಬಿಟ್ಟಳು.

ಅಂದು ಸಂಜೆಯ ಅಳತೆ ಮುಗಿಸಿ, ಡಬ್ಬಿ ತೊಳೆದುಕೊಂಡು, ವಾಪಸು ಕೊಟ್ಟು ಹೇಳಿ ಬರೋಣವೆಂದು ಬಸವಲಿಂಗಮ್ಮನ ಮನೆಗೆ ನಡೆದಳು. ಹೊತ್ತು ಮುಳುಗಲು ಸ್ವಲ್ಪವೇ ಇತ್ತು. ಬಸವಲಿಂಗಮ್ಮ ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದರು. ಮುಖ ಬಾಡಿತ್ತು, ತುಟಿ ಒಣಗಿತ್ತು. ಹುಷಾರಿಲ್ಲವೇ ಎಂದು ಸಫೂರಾ ಕೇಳಿದಳು. ಒಳಗಿನಿಂದ ಚನ್ನವೀರಯ್ಯನೇ ಉತ್ತರ ಕೊಟ್ಟರು. ಸೋಮವಾರ ಬಂದರೆ ಇವಳದು ಇದೇ ಪಾಡು, ಉಪವಾಸ, ಸಂಜೆ ಲಿಂಗಪೂಜೆ ಆಗುವ ತನಕ ಏನೂ ಮುಟ್ಟುವುದಿಲ್ಲ, ಹಸಿವು ಇವಳಿಗೆ, ಬೈಗುಳ ನನಗೆ ಎಂದರು.

ಸಫೂರಾ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ನಿಲ್ಲಲು ಅವಳಿಗೂ ಆಗುತ್ತಿರಲಿಲ್ಲ. ತಾನು ನಾಳೆ ಊರಿಗೆ ಹೋಗುತ್ತಿರುವುದನ್ನು ಹೇಳಿದಳು. ಏಕೆಂದು ಬಸವಲಿಂಗಮ್ಮ ಕೇಳಿದಾಗ, ಅನ್ನ ಹಳಸಿದ್ದನ್ನು ಮಾತ್ರ ನುಂಗಿಕೊಂಡು ಉಳಿದದ್ದನ್ನು ಹೇಳಿದಳು. ಇಂಪನಾ ಅದನ್ನು ಮಧ್ಯಾಹ್ನವೇ ಹೇಳಿ ಹೋಗಿದ್ದಳೆಂದು ಅವಳಿಗೆ ಗೊತ್ತಿರಲಿಲ್ಲ. ಇಬ್ಬರೂ ತೋಟದ ಹಿಂದೆ ಇಳಿಯುತ್ತಿದ್ದ ಸೂರ್ಯನನ್ನು ನೋಡುತ್ತ ಕೂತರು.

ಸ್ವಲ್ಪ ಹೊತ್ತಿನ ಮೇಲೆ ಬಸವಲಿಂಗಮ್ಮ ಕೇಳಿದರು. ನೀರೂ ಕುಡಿಯುವುದಿಲ್ಲವೇ? ಇಲ್ಲ ಎಂದಳು ಸಫೂರಾ. ಎಂಜಲೂ ನುಂಗುವುದಿಲ್ಲವಂತೆ, ಹೌದೇ? ಅದೆಲ್ಲ ಯಾರೋ ಕಟ್ಟಿದ್ದು ಎಂದು ಅವಳು ನಕ್ಕಳು. ಬಸವಲಿಂಗಮ್ಮ ನಗಲಿಲ್ಲ. ಏನೋ ಲೆಕ್ಕ ತಪ್ಪಿದವರ ಹಾಗೆ ಅವಳ ಮುಖವನ್ನೇ ನೋಡಿದರು.

“ಅಲ್ಲ ಕಣೇ, ನಾನೂ ಸೋಮವಾರ ಸೋಮವಾರ ದೀಪ ಹಚ್ಚಿ ತಕ್ಷಣ ಬಾಯಿಗೆ ಹಾಕ್ಕೋತೀನಿ. ದೀಪದ ಹೊತ್ತಲ್ಲಿ ಉಣ್ಣಬಾರ್ದು ಅನ್ನೋದು ಮಧ್ಯಾಹ್ನ ಉಂಡೋರಿಗೆ. ಉಪವಾಸ ಇರೋರಿಗೆ ಎಲ್ಲಿದೆ ಆ ಮಾತು? ಊಟ ಕೇಳ್ಕೊಂಡು ಬಂದೋಳು ಅಂತ ನಿನ್ನ ಮೇಷ್ಟ್ರುಗಳ ಸಾಲಿಗೆ ಸೇರಿಸ್ಬುಟ್ಟೆ ನೋಡು.”

ಹೇಳುತ್ತಲೇ ಎದ್ದರು. ಸೋಮವಾರ ಮಾತ್ರ ಆ ಮನೆಯಲ್ಲಿ ಹೊತ್ತು ಮುಳುಗುವ ಮುಂಚೆಯೇ ಒಲೆ ಹತ್ತುತ್ತಿತ್ತು. ಉಪ್ಪಿಟ್ಟು, ಹೆಸರುಬೇಳೆ ಕೋಸಂಬರಿ, ಬೆಲ್ಲದ ಪಾನಕ ಸಿದ್ಧವಾಗಿದ್ದವು. ಬಸವಲಿಂಗಮ್ಮ ಎಲ್ಲದರಲ್ಲೂ ಇಬ್ಬರಿಗಾಗುವಷ್ಟು ದೊಡ್ಡ ತಟ್ಟೆಗೆ ಬಡಿಸಿಕೊಂಡು ದೇವರ ಗೂಡಿನ ಕಡೆ ಹೊರಟರು. ಮೊದಲು ದೇವರಿಗೆ ಎಡೆ ಹಿಡಿದು, ಆ ಪ್ರಸಾದವನ್ನೇ ಇಬ್ಬರೂ ತಿನ್ನೋಣ, ಅದಕ್ಕಿಂತ ಒಳ್ಳೆಯ ಊಟ ಯಾವುದಿದೆ ಎಂದರು. ಅವರ ಮನಸ್ಸಿನಲ್ಲಿ ಇದ್ದದ್ದು ಬರೀ ಪ್ರೀತಿ. ಅದೇ ಕಷ್ಟಕ್ಕೆ ಬಂತು.

ಸಫೂರಾ ಜಗಲಿಯಲ್ಲೇ ನಿಂತುಬಿಟ್ಟಳು. ಸುಮ್ಮನೆ ತಿಂದುಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಹಗಲಿಡೀ ಯಾರೂ ನೋಡದ ಕಡೆಯೂ ನೀರು ಮುಟ್ಟದವಳು ಕೊನೆಯ ಗಳಿಗೆಯಲ್ಲಿ ಹಾಗೆ ಮಾಡುವುದು ಹೇಗೆ? ಹೇಳಿದರೆ ಈಗಷ್ಟೇ ತೆರೆದ ಬಾಗಿಲು ಮುಚ್ಚಬಹುದು. ನಾಳೆ ಅಪ್ಪ ಬರುತ್ತಾರೆ, ಬೂಷ್ಟೂ ಹೋಗುತ್ತದೆ, ವರ್ಷವೂ ಹೋಗುತ್ತದೆ.

“ಅಜ್ಜಿ,” ಎಂದಳು, “ದೇವರಿಗೆ ಎಡೆ ಮಾಡಿದ್ದನ್ನ ನಾವು ತಿನ್ನಂಗಿಲ್ಲ. ತಪ್ಪು ತಿಳ್ಕೋಬೇಡಿ.”

ಚನ್ನವೀರಯ್ಯ ತಲೆಯೆತ್ತಿ ಹೆಂಡತಿಯನ್ನು ನೋಡಿದರು. ಬಸವಲಿಂಗಮ್ಮ ತಟ್ಟೆ ಹಿಡಿದು ನಿಂತೇ ಇದ್ದರು. ಪ್ರಸಾದ ಬೇಡವೆಂದವರನ್ನು ಅವರು ಆ ಮನೆಯಲ್ಲಿ ಕಂಡೇ ಇರಲಿಲ್ಲ. ಮುಖ ಒಂದು ಗಳಿಗೆ ಬಿಗಿಯಿತು, ನೋವಾಗಿದ್ದು ನಿಜ. ಆಮೇಲೆ ತಟ್ಟೆಯನ್ನು ಕೆಳಗಿಟ್ಟು, ಕೊರಳಲ್ಲಿದ್ದ ಕರಡಿಗೆಯ ಮೇಲೆ ಕೈಯಿಟ್ಟುಕೊಂಡರು. ಇಷ್ಟಲಿಂಗವಿದ್ದ ಆ ಬೆಳ್ಳಿಯ ಪುಟ್ಟ ಭರಣಿ ದೀಕ್ಷೆಯಾದ ದಿನದಿಂದ ಅವರ ಮೈಬಿಟ್ಟು ಇಳಿದಿರಲಿಲ್ಲ.

“ಇವನು ನನ್ನ ಕೊರಳಲ್ಲಿರೋನು,” ಎಂದರು. “ನನ್ನ ತಟ್ಟೇಲಿರೋದು ಇವನಿಗೆ. ನಿನ್ನ ತಟ್ಟೇಲಿರೋದನ್ನ ಇವನು ಯಾವತ್ತು ಕೇಳಿದ್ದಾನೆ?”

ಒಳಗಿನಿಂದ ಇನ್ನೊಂದು ತಟ್ಟೆ ತಂದರು. ಬಾಣಲೆಯಿಂದ ನೇರ ಅದಕ್ಕೆ ಉಪ್ಪಿಟ್ಟು ಬಿತ್ತು, ಹಬೆಯಾಡುತ್ತಿತ್ತು. ಅಷ್ಟರಲ್ಲಿ ಸಫೂರಾಳ ಫೋನು ಸಣ್ಣಗೆ ಅಜಾನ್ ಕೂಗಿತು. ಬಸವಲಿಂಗಮ್ಮ ದೀಪ ಹಚ್ಚಿದರು. ಸಫೂರಾ ಖರ್ಜೂರದ ಪೊಟ್ಟಣ ಬಿಚ್ಚಿ, ಒಂದನ್ನು ತಾನು ತೆಗೆದುಕೊಂಡು, ಕೊಡಲೋ ಬೇಡವೋ ಎಂದು ಅನುಮಾನಿಸುತ್ತಲೇ ಇನ್ನೊಂದನ್ನು ಅವರ ಕಡೆ ಚಾಚಿದಳು. ಬಸವಲಿಂಗಮ್ಮ ಅದರ ಬೀಜ ತೆಗೆದು, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮುಗಿಸಿ, ಮೊದಲು ಆ ಖರ್ಜೂರವನ್ನೇ ಅವನಿಗೆ ತೋರಿಸಿ ಬಾಯಿಗೆ ಹಾಕಿಕೊಂಡರು. ಬಿಸಿ ಉಪ್ಪಿಟ್ಟಿನ ಮೊದಲ ತುತ್ತು ಇಳಿಯುವಾಗ ಸಫೂರಾಳ ಕಣ್ಣು ತುಂಬಿತು. ಇಷ್ಟು ದಿನ ಹೊಟ್ಟೆಗೆ ಬಿದ್ದಿತ್ತು, ಊಟವಾಗಿದ್ದು ಅಂದೇ.

ಏಳಕ್ಕೆ ಮುಂಚೆ ಗೇಟು ದಾಟಿ, ನಮಾಜು ಮಾಡಿ, ಅಮ್ಮಿಗೆ ಫೋನು ಹಚ್ಚಿ, ಅಪ್ಪ ಬರುವುದು ಬೇಡ ಎಂದಳು. ಏನು ತಿಂದೆ ಎಂಬ ಪ್ರಶ್ನೆಗೆ ಈ ಸಲ ಉತ್ತರ ಉದ್ದವಿತ್ತು. ಅಮ್ಮಿ ಎಲ್ಲ ಕೇಳಿ, ಉಪ್ಪಿಟ್ಟಿಗೆ ಎಷ್ಟು ಕಾಯಿ ಹಾಕಿದ್ದರು ಎಂದರು. ಅದು ಒಪ್ಪಿಗೆ.

ಮರುದಿನದಿಂದ ಆ ಮನೆಯ ಒಲೆ ಎಲ್ಲ ದಿನವೂ ಸೋಮವಾರದ ಹಾಗೆ ಬೇಗ ಹತ್ತಿತು. ನಿಯಮದಲ್ಲಿ ಒಂದಿಷ್ಟೂ ಬದಲಾಗಲಿಲ್ಲ ನೋಡಿ, ದೀಪದ ಹೊತ್ತಲ್ಲಿ ಉಪವಾಸದವರಿಗೆ ಮಾತ್ರ ತಟ್ಟೆ. ಮಂಗಳವಾರ ಮೆಣಸಿನಕಾಯಿ ಬೋಂಡ, ಬುಧವಾರ ಶಾವಿಗೆ, ಹೀಗೆ ನಡೆಯಿತು. ಬಸವಲಿಂಗಮ್ಮ ದೀಪ ಹಚ್ಚಿ ಸುಮ್ಮನೆ ಎದುರಿಗೆ ಕೂರುತ್ತಿದ್ದರು, ಸಫೂರಾ ತಿನ್ನುತ್ತಿದ್ದಳು. ಸಂಕಟವಾದದ್ದು ಚನ್ನವೀರಯ್ಯನಿಗೆ. ಬೋಂಡದ ವಾಸನೆ ಮೂಗಿಗೆ ಬಡಿಯುತ್ತಿತ್ತು, ಕೈ ಚಾಚುವಂತಿರಲಿಲ್ಲ. ಪೂಜೆ ಮುಗಿಯುವಷ್ಟರಲ್ಲಿ ಅವು ಆರಿ ಮೆತ್ತಗಾಗಿರುತ್ತಿದ್ದವು.

ಗುರುವಾರ ಸಫೂರಾ ಬಂದಾಗ ಪಡಸಾಲೆಯಲ್ಲಿ ಎರಡು ತಟ್ಟೆ ಇದ್ದವು. ಚನ್ನವೀರಯ್ಯ ಒಂದರ ಮುಂದೆ ಗಂಭೀರವಾಗಿ ಕೂತಿದ್ದರು.

“ಮಧ್ಯಾಹ್ನ ಮುದ್ದೆ ಮುಟ್ಟಿಲ್ಲ ಇವರು,” ಎಂದರು ಬಸವಲಿಂಗಮ್ಮ, ನಗು ತಡೆದುಕೊಂಡು. “ಮದುವೆಯಾದಾಗಿಂದ ಒಂದು ಸೋಮವಾರಾನೂ ಉಪವಾಸ ಮಾಡ್ಸೋಕೆ ನನ್ ಕೈಲಾಗ್ಲಿಲ್ಲ.”

ಚನ್ನವೀರಯ್ಯ ತೋಟದ ಹಿಂದೆ ಸೂರ್ಯ ಎಲ್ಲಿಗೆ ಬಂದ ಎಂದು ಒಮ್ಮೆ ಬಗ್ಗಿ ನೋಡಿ, ಖರ್ಜೂರಕ್ಕಾಗಿ ಸಫೂರಾಳ ಮುಂದೆ ಕೈ ನೀಡಿದರು.